ಹರಡು, ಹಬ್ಬು, ಚದುರು: ಹೊಳೆಯ ಕೊಳೆಗೆ ಹೊಂದುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಅಡ್ಡಲಾಗಿ ಒಡ್ಡು ಕಟ್ಟಿರುವ ಹೊಳೆಯಲ್ಲಿ ಕೊಳೆ ಹೇಗೆ ಹರಡುತ್ತದೆ, ಅದನ್ನು ಲೆಕ್ಕ ಹಾಕಿ ಮುಂಚೆಯೇ ಹೇಳುವುದು ಹೇಗೆ ಎಂದು ಒಂದು ಬರಹ ಬರೆಯುತ್ತಿದ್ದೇನೆ. ಲೆಕ್ಕ ಅಷ್ಟು ಕಾಡಲಿಲ್ಲ, ಪದಗಳು ಕಾಡುತ್ತಿವೆ.

ಹೊಳೆಗೆ ಒಂದು ಬಿಂದಿಗೆ ಬಣ್ಣ ಸುರಿದೆವು ಅಂದುಕೊಳ್ಳಿ. ಬಣ್ಣ ‘ಹರಡಿತು’ ಅಂದುಬಿಡುತ್ತೇವೆ. ಆದರೆ ಅಲ್ಲಿ ಮೂರು ಬೇರೆ ಬೇರೆ ಕೆಲಸ ನಡೆದಿರುತ್ತವೆ. ನೀರು ಬಣ್ಣವನ್ನು ಹೊತ್ತುಕೊಂಡು ಹೋಗುವುದು ಅಡ್ವೆಕ್ಷನ್. ಇದಕ್ಕೆ ‘ಒಯ್ಯುವಿಕೆ’ ಸಾಕು. ಅಣುಗಳ ಓಡಾಟದಿಂದ ಬಣ್ಣ ದಟ್ಟವಿರುವ ಕಡೆಯಿಂದ ತೆಳುವಿರುವ ಕಡೆಗೆ ಸರಿಯುವುದು ಡಿಫ್ಯೂಷನ್. 1855ರಲ್ಲಿ ಜರ್ಮನ್ ವಿಜ್ಞಾನಿ ಫಿಕ್ ನಿಯಮ ಕೊಟ್ಟದ್ದು ಇದಕ್ಕೇ. ಪಠ್ಯಪುಸ್ತಕದ ‘ವಿಸರಣೆ’ಯೇ ಇರಲಿ ಬಿಡಿ. ಅಲುಗಾಡದ ನೀರಿನಲ್ಲಿ ಹೀಗೆ ಸರಿಯುವ ಬಣ್ಣ ದಿನಕ್ಕೆ ಒಂದೆರಡು ಸೆಂಟಿಮೀಟರ್ ಹೋದರೆ ಜಾಸ್ತಿ. ಹರಿಯುವ ಹೊಳೆಯಲ್ಲಿ ಸುಳಿಗಳು ಇದನ್ನು ಎಷ್ಟೋ ಪಟ್ಟು ಬೇಗ ಮುಗಿಸುತ್ತವೆ.

ತಲೆನೋವು ಮೂರನೆಯದು, ಡಿಸ್ಪರ್ಶನ್. ನಡು ಹೊಳೆಯ ನೀರು ಮುಂದೆ ಓಡುತ್ತದೆ, ದಡದ ಮತ್ತು ತಳದ ನೀರು ಹಿಂದೆ ಬೀಳುತ್ತದೆ. ಆಗ ಬಣ್ಣದ ರಾಶಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯೊಳಗೆ ಹೀಗಾಗುವುದನ್ನು ಬ್ರಿಟಿಷ್ ವಿಜ್ಞಾನಿ ಜಿ.ಐ. ಟೇಲರ್ 1953ರಲ್ಲಿ ಲೆಕ್ಕದಲ್ಲಿ ತೋರಿಸಿದರು. ‘ಪ್ರಸರಣ’ ಅನ್ನೋಣವೆಂದರೆ ಪತ್ರಿಕೆಗಳ ಪ್ರಸರಣ ನೆನಪಾಗುತ್ತದೆ. ‘ಹಬ್ಬು’ ಚೆನ್ನಾಗಿದೆ. ಆದರೆ ಬಳ್ಳಿ ಹಬ್ಬುತ್ತದೆ, ಸುದ್ದಿ ಹಬ್ಬುತ್ತದೆ, ಹಬ್ಬಿದ್ದೆಲ್ಲ ಬೆಳೆಯುತ್ತದೆ. ಇಲ್ಲಿ ಬಣ್ಣ ಬೆಳೆಯುವುದಿಲ್ಲ, ಇದ್ದಷ್ಟೇ ಬಣ್ಣ ತೆಳುವಾಗುತ್ತದೆ. ‘ಚದುರು’ ಅಂದರೆ ಗುಂಪು ಚದುರಿದ ಹಾಗೆ ತುಂಡು ತುಂಡಾದ ಭಾವ. ‘ನೀಳ್ಹರಡು’ ಅಂತ ನಾನೇ ಒಂದು ಕಟ್ಟಿ ನೋಡಿದೆ. ಜೋರಾಗಿ ಓದಿದಾಗ ನನಗೇ ನಗು ಬಂತು. ಸದ್ಯಕ್ಕೆ ಒಲ್ಲದ ಮನಸ್ಸಿನಿಂದ ‘ಚದುರುವಿಕೆ’ ಇಟ್ಟುಕೊಂಡಿದ್ದೇನೆ.

ಇನ್ನು ಎಂಜಿನಿಯರ್‌ಗಳ ‘ವಿಯರ್’. ನೀರು ಮೇಲೆ ಹಾಯ್ದುಹೋಗುವ ತಗ್ಗಿನ ಕಟ್ಟೆ ಅದು. ‘ಅಣೆಕಟ್ಟು’ ಅಂದರೆ ಓದುಗರ ಕಣ್ಣಿಗೆ ದೊಡ್ಡ ಡ್ಯಾಮ್ ಬರುತ್ತದೆ. ‘ಕೋಡಿ’ ಕೆಲಸದಲ್ಲಿ ಹತ್ತಿರ, ಆದರೆ ಅದು ಕೆರೆಯದು. ಕೆಲವು ಕಡೆ ‘ಬಾಂದಾರ’ ಅನ್ನುತ್ತಾರೆ. ‘ಕಿಂಡಿ ಅಣೆಕಟ್ಟು’ ಬೇರೆಯೇ, ಅಲ್ಲಿ ನೀರು ಕಿಂಡಿಯಿಂದಲೂ ಹೋಗುತ್ತದೆ, ಹಾಗಾಗಿ ಲೆಕ್ಕವೂ ಬೇರೆ. ಬರೀ ‘ಅಣೆ’ ಅಂದರೆ ಸಾಕೇ?

ಅಣೆಯ ಹಿಂದಿನ ಭಾಗಕ್ಕೆ ‘ಹಿನ್ನೀರು’ ಇದ್ದೇ ಇದೆ. ಅಲ್ಲಿ ಹರಿವು ನಿಧಾನವಾಗುತ್ತದೆ, ಹೂಳು ಕೂರುತ್ತದೆ. ಹೂಳಿಗೆ ಅಂಟಿದ ಸೀಸದಂಥ ಲೋಹಗಳೂ ಕೂರುತ್ತವೆ. ನೆರೆ ಬಂದಾಗ ಎಲ್ಲ ‘ಕದಡು’ತ್ತದೆ. ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲೂ ಸಿಗಲಿಕ್ಕಿಲ್ಲ! ಅಣೆಯಿಂದ ಧುಮುಕುವ ನೀರು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಳೆ ಬಿದ್ದ ನೀರಿನಲ್ಲಿ ಆಮ್ಲಜನಕ ಹೇಗೆ ಇಳಿದು ಏರುತ್ತದೆಂದು 1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು ಅಮೆರಿಕದ ಓಹಾಯೋ ನದಿಗೆ ಕಟ್ಟಿದ ಲೆಕ್ಕವನ್ನು ಇಂಥ ಕಡೆ ಸುಮ್ನೆ ಮುಂದುವರಿಸುವ ಹಾಗಿಲ್ಲ. ಅಣೆ ಬಂದ ಕೂಡಲೇ ಲೆಕ್ಕದಲ್ಲಿ ಆಮ್ಲಜನಕವನ್ನು ಒಂದು ಮೆಟ್ಟಿಲು ಏರಿಸಬೇಕು. ಈ ಗಾಳಿ ತುಂಬಿಕೊಳ್ಳುವುದಕ್ಕೆ ‘ಗಾಳಿಯೂಡಿಕೆ’ ನಡೆಯುತ್ತದೆಯೇ?

ದಡದ ಮೂಲೆಗಳಲ್ಲಿ ಕೊಳೆ ಸಿಕ್ಕಿಕೊಂಡು, ಆಮೇಲೆ ಮೆಲ್ಲಗೆ ಹೊರಗೆ ಬರುವ ಜಾಗಗಳೂ ಇವೆ. ಹೊತ್ತು ಕಳೆದಂತೆ ಕೊಳೆ ಎಷ್ಟಿದೆ ಎಂದು ತೋರಿಸುವ ಗ್ರಾಫಿನ ಗೆರೆಗೆ ಉದ್ದ ಬಾಲ ಬರುವುದು ಬಹಳಮಟ್ಟಿಗೆ ಇವುಗಳಿಂದ. ‘ಮಡು’ ಅಂದರೆ ಆಳ ಇರಬೇಕು, ಇಲ್ಲಿ ಆಳ ಬೇಕೆಂದೇನಿಲ್ಲ. ತಂಗುದಾಣದ ಹಾಗೆ ‘ತಂಗುನೀರು’ ಅನ್ನಬಹುದಲ್ವಾ? ಇದು ಮಾತ್ರ ನನಗೆ ತುಂಬ ಹಿಡಿಸಿದೆ, ಬೇಡ ಅನ್ನುವವರು ಕಾರಣ ಹೇಳಿ.

‘ಮಾದರಿ’ಯದು ಇನ್ನೊಂದು ಪೇಚು. ಬಾಟಲಿಯಲ್ಲಿ ತುಂಬಿ ತಂದ ನೀರೂ ಮಾದರಿ, ಕಂಪ್ಯೂಟರಿನಲ್ಲಿ ಕಟ್ಟಿದ ಹೊಳೆಯೂ ಮಾದರಿ. ‘ಮಾದರಿಯನ್ನು ಮಾದರಿಗಳ ಜೊತೆ ಹೋಲಿಸಿ ನೋಡಿದೆವು’ ಎಂದು ನಿಜವಾಗಿಯೂ ಬರೆದಿದ್ದೆ. ಈಗ ಒಂದನ್ನು ‘ಮಾಡೆಲ್’ ಮಾಡಿಬಿಟ್ಟಿದ್ದೇನೆ.

ಕೊನೆಯ ಪ್ರಶ್ನೆ. ನೀರು ಅಣೆಯ ಮೇಲೆ ಹರಿದರೆ ಸಾಕು, ‘ಅಣೆ ಮುಳುಗಿತು’ ಅನ್ನುತ್ತೇವೆ. ಲೆಕ್ಕದಲ್ಲಿ ಮುಳುಗುವುದೆಂದರೆ ಕೆಳಗಿನ ನೀರೂ ಅಣೆಯ ಮೇಲಂಚನ್ನು ಮೀರಿ ಏರುವುದು. ಆಗ ಮೇಲಿನ ಮಟ್ಟವೊಂದನ್ನೇ ಅಳೆದು ಹರಿವು ಎಷ್ಟೆಂದು ಹೇಳಲಾಗದು, ಕೆಳಗಿನದೂ ಬೇಕು. ಈ ಎರಡು ಮುಳುಗುಗಳನ್ನು ಬೇರೆ ಮಾಡಿ ತೋರಿಸುವ ಆಡುಮಾತಿನ ಪದ ಯಾರಿಗಾದರೂ ಗೊತ್ತೇ?