ಭೂಗೋಳದ ಕಲಿಕೆಯನ್ನು ಡಿಜಿಟಲ್ ಸಾಧನಗಳಿಂದ ಅಳೆಯುವುದು ಹೇಗೆ?

ಪ್ರಶ್ನೆ: ಪ್ರೌಢಶಾಲೆಯ ಭೂಗೋಳ ತರಗತಿಯಲ್ಲಿ ಆನ್‌ಲೈನ್ ರಸಪ್ರಶ್ನೆಗಳನ್ನು ಬಳಸುತ್ತಿದ್ದೇನೆ. ಅಂಕಗಳು ತಕ್ಷಣ ಸಿಗುತ್ತವೆಯಾದರೂ, ವಿದ್ಯಾರ್ಥಿಗಳು ಕೇವಲ ಹೆಸರುಗಳನ್ನು ನೆನಪಿಟ್ಟಿದ್ದಾರೆಯೇ ಅಥವಾ ನಕ್ಷೆಯನ್ನು ಓದಿ ತರ್ಕಿಸಬಲ್ಲರೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ತರ್ಕವನ್ನು ಅಳೆಯುವ ಬಗೆ ಯಾವುದು?

ಉತ್ತರ 1: ಪ್ರಶ್ನೆಯ ಸ್ವರೂಪವನ್ನೇ ಬದಲಿಸಿ ನೋಡಿ. ನಕ್ಷೆಗಳನ್ನು ರಚಿಸಿ ವಿಶ್ಲೇಷಿಸಲು ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆಗಳು), ನದಿಗಳು ಮತ್ತು ರಸ್ತೆಗಳ ಪದರಗಳನ್ನು ಕೊಟ್ಟು, ಪ್ರವಾಹದ ಅಪಾಯ ಕಡಿಮೆಯಿರುವ ಕಡೆ ಆಸ್ಪತ್ರೆಯೊಂದಕ್ಕೆ ಜಾಗ ಗುರುತಿಸಿ ಕಾರಣಗಳನ್ನು ಬರೆಯಲು ಹೇಳಬಹುದು. ಗುರುತಿಸಿದ ಬಿಂದುವಿಗಿಂತ ಆ ಕಾರಣಗಳಿಗೇ ಹೆಚ್ಚು ಅಂಕ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ದುಂಡಗಿನ ಭೂಮಿಯನ್ನು ಸಮತಟ್ಟಾಗಿ ತೋರಿಸುವ ಮರ್ಕೇಟರ್ ನಕ್ಷೆಯಲ್ಲಿ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವ ಗ್ರೀನ್‌ಲ್ಯಾಂಡಿಗಿಂತ ಆಫ್ರಿಕಾ ವಾಸ್ತವದಲ್ಲಿ ಸುಮಾರು 14 ಪಟ್ಟು ದೊಡ್ಡದು. ಡಿಜಿಟಲ್ ಗೋಳದೊಂದಿಗೆ ಹೋಲಿಸಿ ಇದಕ್ಕೆ ಕಾರಣ ವಿವರಿಸಿರೆಂದರೂ ತಿಳಿವಳಿಕೆಯ ಆಳ ಗೊತ್ತಾಗುತ್ತದೆ.

ಉತ್ತರ 2: ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೆ ಕಂಪ್ಯೂಟರ್ ಬಳಸುವ ಚಾಕಚಕ್ಯತೆಯೇ ಭೂಗೋಳದ ಅಂಕವಾಗಿಬಿಡಬಾರದು. ಆದ್ದರಿಂದ ಪರೀಕ್ಷೆಗೆ ಮೊದಲು ಅಂಕವಿಲ್ಲದ ಅಭ್ಯಾಸಕ್ಕೆ ಅವಕಾಶವಿರಲಿ.

ಉತ್ತರ 3: ರಸಪ್ರಶ್ನೆಗಳನ್ನು ಕೈಬಿಡಬೇಕಾಗಿಲ್ಲ. ಭೂಮಿ ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಬರುತ್ತದೆ ಎಂಬಂತಹ ಸಾಮಾನ್ಯ ತಪ್ಪು ಕಲ್ಪನೆಗಳನ್ನೇ ಆಯ್ಕೆಗಳಾಗಿ ಇಟ್ಟರೆ, ಯಾವ ಪಾಠವನ್ನು ಮತ್ತೆ ಮಾಡಬೇಕೆಂಬುದು ಅಂದೇ ತಿಳಿಯುತ್ತದೆ.