‘ಸಂಕೋಚ’ಕ್ಕೆ ಇಂಗ್ಲಿಷಲ್ಲಿ ಏನಂತ ಬರೀಲಿ? ಸಹಾಯ ಬೇಕು

ನಮಸ್ಕಾರ. ಪರಿಚಯದ ಹಿರಿಯರೊಬ್ಬರ ಪತ್ರವನ್ನು ಇಂಗ್ಲಿಷಿಗೆ ಮಾಡಿಕೊಡ್ತಿದ್ದೇನೆ. ಎರಡು ದಿನದಿಂದ ಒಂದೇ ಸಾಲಿಗೆ ಗಂಟುಬಿದ್ದಿದ್ದೇನೆ: ‘ಮತ್ತೆ ನಿಮ್ಮನ್ನೇ ಕೇಳಲು ಸಂಕೋಚವಾಗುತ್ತಿದೆ.’

ಶೈ ಅಂದ್ರೆ ಸ್ವಭಾವದ ಮಾತಾಯ್ತು. ಇವರು ನಾಚಿಕೊಳ್ಳೋರೇ ಅಲ್ಲ. ರಿಲಕ್ಟಂಟ್ ಅಂದ್ರೆ ಮನಸ್ಸಿಲ್ಲ ಅನ್ನೋ ಧ್ವನಿ. ಎಂಬರಾಸ್ಡ್‌ನಲ್ಲಿ ಮುಜುಗರವೇ ಜಾಸ್ತಿ. ಹೆಸಿಟೇಟ್ ಹತ್ತಿರ ಬರುತ್ತೆ, ಆದ್ರೆ ಅದು ಬರೀ ಹಿಂದೇಟು. ಎದುರಿನವರ ಮೇಲಿನ ಗೌರವ, ತೊಂದರೆ ಕೊಡ್ತಿದ್ದೀನಲ್ಲಾ ಅನ್ನೋ ಅಳುಕು ಅದರಲ್ಲಿ ಕಾಣಲ್ಲ. (ಡಿಕ್ಷನರಿಯಂತೂ ಇವೆಲ್ಲವನ್ನೂ ಒಂದೇ ಸಾಲಲ್ಲಿ ಸುರಿದು ಕೈತೊಳೆದುಕೊಂಡಿದೆ!)

ಸದ್ಯಕ್ಕೆ ‘ಐ ಫೀಲ್ ಬ್ಯಾಡ್ ಆಸ್ಕಿಂಗ್ ಯು ಅಗೇನ್’ ಅಂತ ಬರೆದಿಟ್ಟಿದ್ದೇನೆ. ಪತ್ರಕ್ಕೆ ಇದು ತೀರಾ ಸಲುಗೆಯ ಮಾತಾಯ್ತಾ? ಒಂದೇ ಪದ ಸಿಗದಿದ್ರೆ ಇಡೀ ವಾಕ್ಯವನ್ನೇ ತಿರುಗಿಸಿ ಬರೆದುಕೊಟ್ರೂ ಆದೀತು.