ಆಗಮನ ಕಾಲದಲ್ಲಿ ಧನ್ಯವಾದ ಹೇಳಲು ಮನಸ್ಸೇ ಬರದಿದ್ದರೆ?

ಪ್ರಶ್ನೆ (ಬೆಳಕಿನಹಾದಿ):
ಕ್ರಿಸ್ಮಸ್‌ಗೆ ಮುಂಚೆ ಬರುವ ಆಗಮನ ಕಾಲದ ನಾಲ್ಕೂ ವಾರ ರಾತ್ರಿ ದೇವರಿಗೆ ಧನ್ಯವಾದ ಹೇಳಿಯೇ ಮಲಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಆದರೆ ಅಮ್ಮನಿಗೆ ಗಂಟಲಿನ ಆಪರೇಷನ್ ಆಗಿ ಮಾತು ನಿಂತಿದೆ. ಬೇಕಾದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾರೆ. ಪ್ರಾರ್ಥನೆಗೆ ಕೂತರೆ 'ಮನೆ ಕೊಟ್ಟೆ, ಉಸಿರು ಕೊಟ್ಟೆ' ಅನ್ನುವ ಬಾಯಿಪಾಠವೇ ಬರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಇದನ್ನು ಕೃತಜ್ಞತೆ ಅನ್ನಬಹುದಾ?

ಹಳೆಯ ಓದುಗ:
ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೋಧನೆ, ಅಂದರೆ ಕಳೆದ ದಿನವನ್ನು ದೇವರ ಮುಂದೆ ನೆನೆದು ನೋಡುವ ಪ್ರಾರ್ಥನೆ, ಮಾಡಿ ನೋಡಿ. ಅದರಲ್ಲಿ ಪಾಪಗಳನ್ನು ನೆನೆಯುವ ಮೊದಲೇ ಪಡೆದ ಉಪಕಾರಗಳಿಗೆ ವಂದನೆ ಸಲ್ಲಿಸಬೇಕು. ಆ ದಿನ ನಡೆದದ್ದನ್ನಷ್ಟೇ ತೆಗೆದುಕೊಳ್ಳಿ. 'ಉಸಿರು ಕೊಟ್ಟೆ' ಅನ್ನುವುದಕ್ಕಿಂತ 'ನರ್ಸಮ್ಮ ಅಮ್ಮನ ದಿಂಬು ಸರಿಮಾಡಿ ಕೊಟ್ಟರು' ಅನ್ನುವುದು ಮನಸ್ಸಿಗೆ ಬೇಗ ತಾಗುತ್ತದೆ.

ಮರಿಯಕ್ಕ:
ತಂಗಿ, ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದು. ಸ್ನಾನಿಕ ಯೊವಾನ್ನನ ತಂದೆ ಜಕರೀಯನಿಗೂ ಮಾತು ನಿಂತಿತ್ತು. (ಅದು ಅವನ ಅಪನಂಬಿಕೆಗೆ ಬಂದದ್ದು. ಅಮ್ಮನ ಕಾಯಿಲೆಯನ್ನು ಯಾರಾದರೂ ಹಾಗೆ ಅಂದರೆ ಕಿವಿಗೇ ಹಾಕಿಕೊಳ್ಳಬೇಡ.) ಮಗುವಿಗೆ ಹೆಸರಿಡುವ ದಿನ ಹಲಗೆ ತರಿಸಿ 'ಯೊವಾನ್ನ' ಅಂತ ಬರೆದ. ತಕ್ಷಣ ಬಾಯಿ ತೆರೆಯಿತು, ಹೊರಟ ಮೊದಲ ಮಾತೇ ದೇವರ ಸ್ತುತಿ. ಮುಪ್ಪಿನಲ್ಲಿ ಹುಟ್ಟಿದ ಮಗ ಎದುರಿಗೇ ಇದ್ದಾನೆ. ಆದರೂ 68ನೇ ವಚನದಿಂದ ಶುರುವಾಗುವ ಹಾಡಿನಲ್ಲಿ 'ಮಗುವೇ' ಅನ್ನುವುದು 76ನೇ ವಚನದಲ್ಲಿ. ಅಲ್ಲಿಯವರೆಗೆ ದಾವೀದನ ಮನೆತನ, ಅಬ್ರಹಾಮನಿಗೆ ದೇವರು ಕೊಟ್ಟ ಮಾತು, ಜನರ ಬಿಡುಗಡೆ. ಆಗಿನ್ನೂ ಯೇಸು ಹುಟ್ಟಿಲ್ಲ ನೋಡು! ಕಣ್ಣಿಗೆ ಕಾಣದ ಬಿಡುಗಡೆಗೆ, ಬಂದೇ ಬಿಟ್ಟಿತೇನೋ ಅನ್ನುವ ಹಾಗೆ ವಂದಿಸುತ್ತಾನೆ. ಆಗಮನ ಕಾಲದ ಕೃತಜ್ಞತೆ ನನಗೆ ಅರ್ಥವಾದದ್ದು ಇಲ್ಲಿಯೇ. ಕಾಯುವುದು ಮುಗಿದ ಮೇಲೆ ಹೇಳೋಣ ಅಂತ ಅದನ್ನು ಎತ್ತಿಡುವುದಲ್ಲ.

ಮೂರನೇ ಭಾನುವಾರ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುತ್ತೇವಲ್ಲ, ಅದು 'ಸದಾ ಆನಂದಿಸಿರಿ' ಅನ್ನುವ ಭಾನುವಾರ. ಪ್ರೇಷಿತ ಪೌಲ ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಆ ಮಾತು ಬರೆದದ್ದು ಸೆರೆಯಲ್ಲಿದ್ದಾಗ. ಬೇಡಿಕೆಯನ್ನೂ ಕೃತಜ್ಞತೆಯನ್ನೂ ಒಟ್ಟಿಗೇ ದೇವರ ಮುಂದೆ ಇಡಿ ಅಂತಲೂ ಅದೇ ಪತ್ರದಲ್ಲಿ ಹೇಳುತ್ತಾನೆ. ಹಾಗಾಗಿ ನೀನು ಅಳುತ್ತಾ ವಂದಿಸಿದರೂ ಅದು ವಂದನೆಯೇ.

ಬೆಳಕಿನಹಾದಿ:
ಅಕ್ಕಾ, ಕೆಲವು ರಾತ್ರಿ ದೇವರ ಮೇಲೆ ಸಿಟ್ಟೇ ಬರುತ್ತದೆ. ಅದನ್ನೂ ಹೇಳಬಹುದಾ?

ಮರಿಯಕ್ಕ:
ಅದನ್ನೇ ಮೊದಲು ಹೇಳು. ಬೈಬಲಿನ 13ನೇ ಕೀರ್ತನೆ 'ಎಷ್ಟು ಕಾಲ ನನ್ನನ್ನು ಮರೆತಿರುತ್ತೀ' ಅಂತ ಕೇಳುತ್ತಲೇ ಶುರುವಾಗುತ್ತದೆ, ಹಾಡುತ್ತಾ ಮುಗಿಯುತ್ತದೆ. ಇರುವುದು ಆರೇ ವಚನ. ಅಮ್ಮನಿಗೂ ಓದಿ ಹೇಳು, ಅವರು ಏನಾದರೂ ಬರೆದರೆ ಆ ರಾತ್ರಿಯ ಪ್ರಾರ್ಥನೆಗೆ ಅದನ್ನೇ ಸೇರಿಸಿಕೋ.